ಸೈನೈಡ್ ದಿಬ್ಬಗಳ ಹಸುರೀಕರಣ: ಯಾರ ಕಣ್ಣಿಗೆ, ಯಾರ ಹೊಲಕ್ಕೆ?

ಬಂಗಾರಪೇಟೆಯಿಂದ ಮಾರಿಕುಪ್ಪದ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಕೋಲಾರ ಚಿನ್ನದ ಗಣಿಯ ಬೂದುಬಣ್ಣದ ದಿಬ್ಬಗಳು ಕಾಣುತ್ತವೆ. ಇವು ಪ್ರಕೃತಿನಿರ್ಮಿತ ಗುಡ್ಡಗಳಲ್ಲ. ಗಣಿಯಿಂದ ಮೇಲೆತ್ತಿದ ಬೆಣಚುಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುಮಾರು 1,000 ಎಕರೆಗಳಲ್ಲಿ 13 ದಿಬ್ಬಗಳು, ಅಂದಾಜು 3.3 ಕೋಟಿ ಟನ್ ಪುಡಿ, ಹಾಗೆಯೇ ಉಳಿದವು.

ಇವುಗಳ ಮೇಲೆ ಗಿಡ ನೆಟ್ಟು ಹಸುರು ಮಾಡಬೇಕೆಂಬುದು ಎಲ್ಲರೂ ಸುಲಭವಾಗಿ ಒಪ್ಪುವ ಮಾತು. ಆದರೆ ಭೂದೃಶ್ಯ ವಿನ್ಯಾಸಕನು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ರಸ್ತೆಯಲ್ಲಿ ಹೋಗುವವರ ಕಣ್ಣು ತಂಪಾದರೆ ಸಾಕೇ, ಅಥವಾ ದಿಬ್ಬದ ಕೆಳಗಿನ ಹೊಲ, ಕೆರೆ, ದನಗಳಿಗೂ ಆತನು ಹೊಣೆಯೇ? ಅಮೆರಿಕದ ಅರಣ್ಯತಜ್ಞ ಆಲ್ಡೊ ಲಿಯೊಪೋಲ್ಡ್, 1949ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಮಣ್ಣು, ನೀರು, ಸಸ್ಯ, ಪ್ರಾಣಿಗಳನ್ನೂ ಮನುಷ್ಯನ ಸಮುದಾಯದೊಳಗೆ ಸೇರಿಸಿದರು. ಇಲ್ಲಿನ ರೈತನಿಗೆ ಇದು ತತ್ತ್ವವಿಚಾರವಲ್ಲ, ಮಳೆ ಬಂದಾಗ ತನ್ನ ಬದುವಿನೊಳಗೆ ಏನು ಹರಿದು ಬರುತ್ತದೆಂಬ ವಿಚಾರ.

ಪುಡಿಯ ಗುಣವನ್ನು ಮೊದಲು ತಿಳಿಯಬೇಕು. ಬಯಲಿನಲ್ಲಿ ಬಿದ್ದ ಸೈನೈಡಿನ ಬಹುಭಾಗ ಬಿಸಿಲು, ಗಾಳಿಗಳಿಂದ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಆದರೆ ಅದಿರಿನ ಗಂಧಕಯುಕ್ತ ಖನಿಜಗಳೊಂದಿಗೆ ಬಂದ ಆರ್ಸೆನಿಕ್ ಮತ್ತು ಲೋಹಗಳು ಒಡೆಯುವುದಿಲ್ಲ. ಅವುಗಳ ಪ್ರಮಾಣ ದಿಬ್ಬದಿಂದ ದಿಬ್ಬಕ್ಕೆ ಬೇರೆಯಾಗುತ್ತದೆ. ಸಾವಯವ ಅಂಶವಾಗಲಿ ಸಾರಜನಕವಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯ ಗಾಳಿಗೆ ಪುಡಿ ಏಳುತ್ತದೆ, ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಕೊರಕಲು ಬೀಳುತ್ತದೆ. ಆದುದರಿಂದ ಇಲ್ಲಿ ಮೊದಲ ಕೆಲಸ ಮರದ್ದಲ್ಲ, ಹುಲ್ಲಿನದು. ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು, ಅಂಚಿಗೆ ಕತ್ತಾಳೆ, ಬುಡದಲ್ಲಿ ಹೂಳು ತಡೆಯುವ ಕಟ್ಟೆ: ನೋಟಕ್ಕೆ ಇವು ಸಾಮಾನ್ಯವೇ, ಆದರೆ ಪುಡಿಯನ್ನು ಇದ್ದಲ್ಲಿಯೇ ಹಿಡಿಯುವುವು.

ಬ್ರಿಟನ್ನಿನಲ್ಲಿ ಬ್ರಾಡ್‌ಶಾ ಎಂಬ ಸಸ್ಯವಿಜ್ಞಾನಿ ಮತ್ತು ಅವರ ಸಂಗಡಿಗರು ಹಳೆಯ ಗಣಿಗಳ ಕಸದ ಮೇಲೆ ತಾನಾಗಿ ಬದುಕಿ ಉಳಿದ ಹುಲ್ಲುಗಳನ್ನು ಪರೀಕ್ಷಿಸಿ, ಅವುಗಳಿಂದಲೇ ಲೋಹ ತಾಳುವ ತಳಿಗಳನ್ನು ಆಯ್ದರು. ಇಲ್ಲಿಯೂ ಹೊರಗಿನ ನರ್ಸರಿಗೆ ಓಡುವ ಮೊದಲು ದಿಬ್ಬದ ಮೇಲೆ ಈಗಾಗಲೇ ನಿಂತಿರುವ ಹುಲ್ಲಿನ ಬೀಜ ಸಂಗ್ರಹಿಸುವುದು ಜಾಣತನ.

ಮರಗಳ ಆಯ್ಕೆಯಲ್ಲಿಯೇ ಹೆಚ್ಚು ತಪ್ಪಾಗುವ ಸಂಭವ. ಹುಣಸೆ ನೆಟ್ಟರೆ ಮಕ್ಕಳು ಹಣ್ಣು ತಿನ್ನುವರು. ಬಳ್ಳಾರಿ ಜಾಲಿಯ ಕಾಯನ್ನು ಮೇಕೆಗಳು ಬಿಡವು. ಹೊಂಗೆ ನಿರಪಾಯವೆಂದು ತೋರುತ್ತದೆ, ದನ ಮುಟ್ಟುವುದಿಲ್ಲ. ಆದರೆ ಹೊಂಗೆಸೊಪ್ಪನ್ನು ಹಸಿರೆಲೆ ಗೊಬ್ಬರವಾಗಿ ಹೊಲಕ್ಕೆ ಹಾಕುವ ವಾಡಿಕೆ ನಮ್ಮಲ್ಲಿದೆ. ದಿಬ್ಬದ ಮರದ ಸೊಪ್ಪು ಹೊಲ ಸೇರಿದರೆ ಬೇರು ಹೀರಿದ ಲೋಹವೂ ಅದರೊಡನೆ ಬರುತ್ತದೆ. ತಂಗಡಿ ಮೇಲು: ಮೇಕೆ ತಿನ್ನದು, ಬರ ತಾಳುತ್ತದೆ. ಎಲೆಯಲ್ಲಿ ಎಷ್ಟು ಲೋಹ ಸೇರುತ್ತದೆಂಬುದನ್ನು ಪರೀಕ್ಷಿಸದೆ ಯಾವ ಗಿಡವನ್ನೂ ಮೇವಿಗೆ, ಗೊಬ್ಬರಕ್ಕೆ ಶಿಫಾರಸು ಮಾಡಬಾರದು. ಹಳ್ಳಿಯ ಕೊಳವೆಬಾವಿಯ ನೀರನ್ನು ಹೂಗಿಡಗಳಿಗೆ ಹಾಯಿಸುವ ಯೋಜನೆಯಂತೂ ಕೋಲಾರದಂಥ ಬರಸೀಮೆಯಲ್ಲಿ ಅನ್ಯಾಯವೇ ಸರಿ.

ಇನ್ನೊಂದು ತೊಡಕು. ಈ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಗೆಯುವ ದಿಬ್ಬಕ್ಕೆ ಮರ ನೆಡುವುದು ವ್ಯರ್ಥವೆನ್ನಬಹುದು. ನಿಜ, ಆದರೆ ಅಗೆತ ಮುಗಿಯುವವರೆಗೂ ಗಾಳಿ ಬೀಸದೆ ನಿಲ್ಲುವುದಿಲ್ಲ. ಅಗ್ಗದ ಹುಲ್ಲಿನ ಹೊದಿಕೆ ಈಗಲೇ ಬೇಕು. ಮರು ಸಂಸ್ಕರಿಸಿದ ಪುಡಿಯನ್ನು ಎಲ್ಲಿ ಸುರಿಯುವರು, ಹೇಗೆ ಮುಚ್ಚುವರು ಎಂಬುದನ್ನು ಕೆಳಗಿನ ಗ್ರಾಮಗಳವರು ಕೆಲಸ ಆರಂಭವಾಗುವ ಮೊದಲೇ ಕೇಳಿ ತಿಳಿಯತಕ್ಕದ್ದು.

ದಿಬ್ಬಗಳ ನೀರು ಹರಿಯುವ ಕಡೆಯ ರೈತರು ಕೆರೆಗೋಡು ಹೊಡೆಯುವಾಗ ಎಚ್ಚರ ವಹಿಸಬೇಕು. ಬೂದುಬಿಳಿ ಬಣ್ಣದ, ಕೈಗೆ ಅಂಟದ ನುಣುಪು ಹೂಳು ಕಂಡರೆ ಅದನ್ನು ಹೊಲಕ್ಕೆ ಹಾಕಬಾರದು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ತಿಳಿಯುವುದೇ ಹೊರತು ಆರ್ಸೆನಿಕ್ ತಿಳಿಯುವುದಿಲ್ಲ. ತೂಬಿನ ಹತ್ತಿರ, ಕೆರೆಯ ನಡುವೆ, ಹಳ್ಳ ಸೇರುವ ಬಾಯಿಯಲ್ಲಿ ಬೇರೆ ಬೇರೆಯಾಗಿ ಮಾದರಿ ತೆಗೆದು, ಬೆರೆಸದೆ, ಭಾರಲೋಹ ಪರೀಕ್ಷೆಯೆಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು ಕಳುಹಿಸಬೇಕು.