ಎಐ ಏಜೆಂಟ್‌ಗೆ ಎಕ್ಸೆಲ್ ಒಪ್ಪಿಸುವ ಮುನ್ನ ಬರೆದಿಡಬೇಕಾದ್ದು

ಮಂಗಳೂರು ಬಂದರಿನ ಅಡಿಕೆ ಮಂಡಿಯಿರಲಿ, ಹಳ್ಳಿಯ ಸಹಕಾರಿ ಸಂಘವಿರಲಿ, ಖರೀದಿ, ದಾಸ್ತಾನು, ಬಾಕಿಯ ಲೆಕ್ಕ ಎಕ್ಸೆಲ್ ಶೀಟ್‌ನಲ್ಲಿರುವುದು ಈಗ ಸಾಮಾನ್ಯ. ಆ ಶೀಟನ್ನು ತೆರೆದು, ತಿದ್ದಿ, ಸೇವ್ ಮಾಡುವ ಕೆಲಸವನ್ನು ಎಐ ಏಜೆಂಟ್‌ಗೆ ವಹಿಸಲು ಸಾಧ್ಯವಿದೆ. 2024ರ ನವೆಂಬರ್‌ನಲ್ಲಿ ಆಂತ್ರೊಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಮುಕ್ತ ಮಾನದಂಡ ಹೊರತಂದ ಮೇಲೆ ಶೀಟ್ ತಿದ್ದುವಂಥ ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸುವುದು ಸುಲಭವಾಗಿದೆ. ಟೂಲ್ ಜೊತೆಗೆ ಹೋಗುವ ವಿವರಣೆಯನ್ನು ಓದಿಯೇ ಏಜೆಂಟ್ ಅದನ್ನು ಯಾವಾಗ, ಹೇಗೆ ಬಳಸಬೇಕೆಂದು ತೀರ್ಮಾನಿಸುತ್ತದೆ. ಆ ವಿವರಣೆಯಲ್ಲಿ ಟೂಲ್‌ನ ಸಾಮರ್ಥ್ಯವನ್ನಷ್ಟೇ ಹೊಗಳಿದರೆ ಸಾಲದು. ಟೂಲ್ ಸದ್ದಿಲ್ಲದೆ ಏನನ್ನು ಕೆಡಿಸಬಲ್ಲದು, ಕೆಟ್ಟಿದ್ದನ್ನು ಹೇಗೆ ಕಂಡುಹಿಡಿಯಬೇಕು ಎಂಬುದೇ ಅದರ ತಿರುಳಾಗಬೇಕು.

ಮೊದಲ ಹೆಜ್ಜೆ: ಕಾಲಂಗಳ ಅರ್ಥ. ‘ದರ’ ಎಂದಷ್ಟೇ ಬರೆದ ಕಾಲಂ ನಮ್ಮ ಗುಮಾಸ್ತರಿಗೆ ಸಾಕು, ಏಜೆಂಟ್‌ಗೆ ಸಾಲದು. ಮಂಗಳೂರಿನಲ್ಲಿ ಚಾಲಿ ಅಡಿಕೆಯ ದರ ಹೇಳುವುದು ಕಿಲೋ ಲೆಕ್ಕದಲ್ಲಿ, ಶಿವಮೊಗ್ಗದ ರಾಶಿ ಅಡಿಕೆಯದು ಕ್ವಿಂಟಲ್ ಲೆಕ್ಕದಲ್ಲಿ. ಎರಡನ್ನೂ ಒಂದೇ ಶೀಟ್‌ಗೆ ತಂದರೆ ಮೊತ್ತ ನೂರು ಪಟ್ಟು ತಪ್ಪಬಹುದು. ‘ಹೊಸ ಅಡಿಕೆ’ ಎಂದು ಒಳಗೆ ಬಂದ ದಾಸ್ತಾನು ಕಾಲ ಕಳೆದಂತೆ ‘ಹಳೆ ಅಡಿಕೆ’ಯಾಗುತ್ತದೆ. ಆದ್ದರಿಂದ ಪ್ರತಿ ಕಾಲಂಗೂ ಅಳತೆ, ವರ್ಷ, ದರ್ಜೆಯ ಅರ್ಥವನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂಬುದನ್ನೂ ಸೇರಿಸಿ.

ಎರಡನೆಯದು: ಸಂಖ್ಯೆಯಂತೆ ಕಂಡರೂ ಸಂಖ್ಯೆಯಲ್ಲದ ಮಾಹಿತಿ. ಪಹಣಿಯ ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಮಾರ್ಚ್ 12 ಎಂದು ದಿನಾಂಕವಾಗಿಸುತ್ತದೆ. ಕಂಪ್ಯೂಟರ್‌ನ ಸೆಟ್ಟಿಂಗ್ ಅಮೆರಿಕದ್ದಾದರೆ ಡಿಸೆಂಬರ್ 3. ಸಿಎಸ್‌ವಿ ಫೈಲನ್ನು ನೇರವಾಗಿ ತೆರೆದಾಗಲೂ ಇದೇ ಗತಿ. 0824ರಿಂದ ಶುರುವಾಗುವ ಫೋನ್ ನಂಬರಿನ ಸೊನ್ನೆ ಮಾಯವಾಗುತ್ತದೆ. ಎಕ್ಸೆಲ್ 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುವುದರಿಂದ 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಇಂಥ ಕಾಲಂಗಳನ್ನು ಹೆಸರಿಸಿ, ‘ಇವು ಟೆಕ್ಸ್ಟ್ ಆಗಿಯೇ ಇರಬೇಕು’ ಎಂದು ಬರೆಯಿರಿ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ದಾಖಲಿಸಿದ, ಯುನಿಕೋಡ್ ಅಲ್ಲದ ಹೆಸರುಗಳು ನಮ್ಮ ಕಣ್ಣಿಗೆ ಕನ್ನಡವಾದರೂ ಏಜೆಂಟ್‌ಗೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು. ಯುನಿಕೋಡ್‌ಗೆ ಬದಲಿಸುವವರೆಗೆ ಆ ಕಾಲಂನಲ್ಲಿ ಹುಡುಕಬಾರದೆಂದು ಸೂಚಿಸಿ.

ಮೂರನೆಯದು: ಟೂಲ್‌ನ ಒಂದೊಂದು ಕೆಲಸದ ಪರಿಣಾಮ. ಓದುವ ಕೆಲಸಗಳನ್ನೂ ತಿದ್ದುವ ಕೆಲಸಗಳನ್ನೂ ಬೇರೆ ಬೇರೆಯಾಗಿ ಪಟ್ಟಿ ಮಾಡಿ. ಯಾವ ಮಾಹಿತಿ ಕೊಡಬೇಕು, ಯಾವ ಸೆಲ್ ಬದಲಾಗುತ್ತದೆ, ವಿಫಲವಾದರೆ ಯಾವ ಸಂದೇಶ ಬರುತ್ತದೆ ಎಂಬುದಿರಲಿ. ಪೈಥಾನ್ ಭಾಷೆಯ ಓಪನ್‌ಪೈಎಕ್ಸ್‌ಎಲ್ ಲೈಬ್ರರಿ ಬಳಸುವ ಟೂಲ್ ಆದರೆ ಎರಡು ಎಚ್ಚರಿಕೆ ಬೇಕು. ಅದು ಫಾರ್ಮುಲಾ ಬರೆಯುತ್ತದೆ, ಲೆಕ್ಕ ಹಾಕುವುದಿಲ್ಲ. ಉತ್ತರ ಬೇಕಾದರೆ ಎಕ್ಸೆಲ್ ಅಥವಾ ಲಿಬ್ರೆಆಫೀಸ್‌ನಲ್ಲಿ ತೆರೆದು ಸೇವ್ ಮಾಡಬೇಕು. ಉತ್ತರಗಳನ್ನಷ್ಟೇ ಓದುವ ವಿಧಾನದಲ್ಲಿ ಫೈಲ್ ತೆರೆದು ಅದನ್ನೇ ಸೇವ್ ಮಾಡಿದರೆ ಫಾರ್ಮುಲಾಗಳೆಲ್ಲ ಅಳಿಸಿಹೋಗುತ್ತವೆ.

ನಾಲ್ಕನೆಯದು: ಪರೀಕ್ಷೆ. ಮೂಲ ಫೈಲ್ ಮುಟ್ಟದೆ ಪ್ರತಿಯಲ್ಲೇ ತಿದ್ದಬೇಕು. ತಿದ್ದುವ ಮೊದಲೂ ಆಮೇಲೂ ಸಾಲುಗಳ ಸಂಖ್ಯೆ ಮತ್ತು ಒಟ್ಟು ಮೊತ್ತ ಹೋಲಿಸಬೇಕು. ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ ತಿಳಿಸಬೇಕು. ಈ ಮೂರನ್ನೂ ಆಜ್ಞೆಯಾಗಿ ಬರೆಯಿರಿ.

ಇಷ್ಟು ಬುದ್ಧಿವಂತ ಯಂತ್ರಕ್ಕೆ ಇದೆಲ್ಲ ಹೇಳಬೇಕೇ ಎಂಬ ಆಕ್ಷೇಪ ಸಹಜ. ಇಲ್ಲಿ ಕೊರತೆ ಬುದ್ಧಿಯದಲ್ಲ, ಮಾಹಿತಿಯದು. ದರ ಕಿಲೋಗೋ ಕ್ವಿಂಟಲ್‌ಗೋ ಎಂಬುದು ಶೀಟ್‌ನಲ್ಲೇ ಇಲ್ಲದಿದ್ದರೆ ಎಷ್ಟೇ ಜಾಣನಾದರೂ ಊಹಿಸಬೇಕಾಗುತ್ತದೆ. ಪರೀಕ್ಷೆ ಇಲ್ಲದ ಕಡೆ ತಪ್ಪು ತಾನಾಗಿ ಕೂಗಿ ಹೇಳುವುದೂ ಇಲ್ಲ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲ್ ಬಳಸಿತ್ತು. ಅದರಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಪರಿಣಾಮವಾಗಿ ಸುಮಾರು 16,000 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಸಾಲುಗಳನ್ನು ಎಣಿಸಿ ಹೋಲಿಸುವ ನಿಯಮ ತಡೆಯಬಲ್ಲದ್ದು ಇಂಥ ಲೋಪವನ್ನೇ.

ವಿವರಣೆ ಉದ್ದವಾದರೆ ಏಜೆಂಟ್ ಗೊಂದಲಗೊಳ್ಳುತ್ತದೆ ಎಂಬ ಇನ್ನೊಂದು ವಾದದಲ್ಲಿ ಹುರುಳಿದೆ. ಹಾಗಾಗಿ ಏಜೆಂಟ್‌ಗೆ ಮೊದಲೇ ಗೊತ್ತಿರುವ ಎಕ್ಸೆಲ್ ಪಾಠವನ್ನು ಕೈಬಿಡಿ, ನಿಮ್ಮ ಕಚೇರಿಗೆ ಮಾತ್ರ ಗೊತ್ತಿರುವುದನ್ನು ಉಳಿಸಿ. ಎರಡು ಪುಟ ದಾಟುತ್ತಿದ್ದರೆ ನಿಷೇಧಗಳನ್ನೂ ಪರೀಕ್ಷೆಯನ್ನೂ ಮೇಲೆ ತನ್ನಿ, ಉಳಿದದ್ದನ್ನು ಬೇರೆ ಫೈಲ್‌ಗೆ ಸರಿಸಿ. ಕೊನೆಗೆ ಕೃತಕ ಲೆಕ್ಕಗಳ ಪುಟ್ಟ ಶೀಟ್ ಕೊಟ್ಟು ಕೆಲಸ ಮಾಡಿಸಿ, ಏಜೆಂಟ್ ಎಡವಿದ ಕಡೆ ಒಂದು ಸಾಲು ಸೇರಿಸಿ. ಲೆಕ್ಕ ತಪ್ಪಿದರೆ ಆಡಿಟರ್ ಉತ್ತರ ಕೇಳುವುದು ಏಜೆಂಟನ್ನಲ್ಲ, ಸಹಿ ಹಾಕಿದವರನ್ನು. ಆದ್ದರಿಂದ ಈ ವಿವರಣೆಯನ್ನು ಸಾಫ್ಟ್‌ವೇರ್‌ನವರಿಗಷ್ಟೇ ಬಿಡದೆ, ಸಹಿ ಹಾಕುವವರು ತಾವೇ ಕೂತು ಬರೆಸಬೇಕು.