ಹಳೆಯ ಕಾರಿನ ಆರೈಕೆ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಮೋಟಾರು ಕಾರಿನ ವಿಷಯವನ್ನು ಬರೆಯಹೊರಟರೆ ಓದುಗರಿಗೆ ಸ್ವಲ್ಪ ಸೋಜಿಗವಾದೀತು. ಆದರೆ ನಮ್ಮಲ್ಲಿ ಕೆಲವರ ಮನೆಗಳಲ್ಲಿ, ಅಧ್ಯಾಪಕರಲ್ಲಿ ಕೆಲವರ ಮನೆಗಳಲ್ಲಿಯೂ, ಹಳೆಯ ಕಾರುಗಳು ಇನ್ನೂ ಓಡಾಡುತ್ತಿವೆ. ಅವುಗಳ ಯಜಮಾನರು ಬಹುಮಟ್ಟಿಗೆ ನಮ್ಮಂತೆಯೇ ಯಂತ್ರಶಾಸ್ತ್ರವನ್ನು ಓದದವರು. ಅಂಥವರಿಗೆ ಉಪಯೋಗವಾದೀತೆಂದು, ನಾನು ಕೈಸುಟ್ಟುಕೊಂಡು ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ. ಕೈಸುಟ್ಟುಕೊಂಡೆನೆಂಬುದು ಅಲಂಕಾರದ ಮಾತಲ್ಲ.

ತೀರ್ಥಹಳ್ಳಿಯಲ್ಲಿರುವ ನನ್ನ ಸೋದರಮಾವನವರಲ್ಲಿ 1974ನೆಯ ಇಸವಿಯ ಅಂಬಾಸಡರ್ ಕಾರೊಂದಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಮಾದರಿಯಾಗಿಟ್ಟುಕೊಂಡು ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಈ ಜಾತಿಯ ಕಾರುಗಳು ತಯಾರಾದವು. ಅಷ್ಟು ಹಳೆಯ ಗಾಡಿಯಲ್ಲಿ ಕಂಪ್ಯೂಟರಿನ ಗೊಡವೆಯಿಲ್ಲ. ಬಾನೆಟ್ಟನ್ನು ಎತ್ತಿದರೆ ಮುಖ್ಯವಾದ ಅಂಗಗಳೆಲ್ಲ ಕಣ್ಣಿಗೆ ಕಾಣುತ್ತವೆ, ಕೈಗೆ ಎಟಕುತ್ತವೆ.

ಎರಡು ವರ್ಷಗಳ ಹಿಂದೆ ಬೇಸಗೆಯಲ್ಲಿ ಉಡುಪಿಯಿಂದ ಹಿಂದಿರುಗುತ್ತಿದ್ದೆವು. ಹೆಬ್ರಿಯನ್ನು ದಾಟುವಾಗಲೇ ಮುಂದಿನ ಹಲಗೆಯ ಮೇಲೆ ಒಂದು ಕೆಂಪು ದೀಪ ಮಿನುಗತೊಡಗಿತ್ತು. "ಅದು ಬ್ಯಾಟರಿಯದು ಮಾರಾಯ, ಹಗಲು ಹೊತ್ತಿನಲ್ಲಿ ಅದರ ಚಿಂತೆ ಯಾಕೆ? ಮನೆಗೆ ಹೋಗಿ ನೋಡಿದರಾಯಿತು" ಎಂದರು ಮಾವ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧದಷ್ಟನ್ನೂ ಏರಿರಲಿಲ್ಲ, ಎಂಜಿನ್ನು ಕುದಿಯಿತು. ನಾನು ಧೀರನಂತೆ ಇಳಿದು, ಕೈಗೆ ಟವೆಲು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದೆ. ಮುಂದಿನದು ಹೇಳುವುದಕ್ಕೆ ಹೆಚ್ಚಿಲ್ಲ. ಮೂರು ವಾರಗಳ ಕಾಲ ಬಲಗೈಯಲ್ಲಿ ಲೇಖನಿ ಹಿಡಿಯಲಾಗಲಿಲ್ಲ. ಆಂತರಿಕ ಪರೀಕ್ಷೆಯೂ ತಪ್ಪಿತು.

ಆದುದೇನು? ರೇಡಿಯೇಟರಿನ ಮುಚ್ಚಳವು ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಟ್ಟಿರುತ್ತದೆ. ಒತ್ತಡವಿದ್ದಾಗ ನೀರು 100 ಡಿಗ್ರಿ ದಾಟಿದರೂ ಒಡನೆ ಕುದಿಯುವುದಿಲ್ಲ. ಮುಚ್ಚಳ ತೆರೆದ ಕ್ಷಣವೇ ಆ ಒತ್ತಡ ಹೋಗಿ, ನೀರು ಉಗಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಆದುದರಿಂದ ಎಂಜಿನ್ನನ್ನು ನಿಲ್ಲಿಸಿ, ಮುಚ್ಚಳ ಬರಿಗೈಗೆ ತಣ್ಣಗಾಗುವವರೆಗೆ ಸುಮ್ಮನೆ ಮರದಡಿಯಲ್ಲಿ ಕುಳಿತಿರತಕ್ಕದ್ದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರುಕುಬಿಡುವುದೂ ಉಂಟು.

ಇನ್ನು ಆ ಕೆಂಪು ದೀಪ. ಈ ಕಾರಿನಲ್ಲಿ ರಬ್ಬರಿನ ಒಂದೇ ಬೆಲ್ಟು ಎರಡು ಚಾಕರಿಗಳನ್ನು ಮಾಡುತ್ತದೆ: ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಡೈನಮೊವನ್ನೂ, ನೀರಿನ ಪಂಪನ್ನೂ ಅದರ ಮೂತಿಯಲ್ಲಿರುವ ಫ್ಯಾನನ್ನೂ ತಿರುಗಿಸುತ್ತದೆ. ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ಡೈನಮೊ ನಿಧಾನಿಸಿದ್ದರಿಂದ ದೀಪ ಹೊತ್ತಿತು. ಪಂಪು ನಿಧಾನಿಸಿದ್ದರಿಂದ ನೀರು ಕಾಯಿತು. ಬ್ಯಾಟರಿಯ ದೀಪವೆಂದು ನಾವು ಕಡೆಗಣಿಸಿದ್ದು ನೀರಿನ ಎಚ್ಚರಿಕೆಯೂ ಆಗಿತ್ತು. ರೋಗ ಒಂದು ಕಡೆ, ಅದರ ಲಕ್ಷಣ ಇನ್ನೊಂದು ಕಡೆ! ಬೆಲ್ಟಿನ ಪರೀಕ್ಷೆ ಬಹಳ ಸುಲಭ. ಎಂಜಿನ್ನು ನಿಂತಿರುವಾಗ ಎರಡು ಚಕ್ರಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಸುಮಾರು ಅರ್ಧ ಅಂಗುಲ ತಗ್ಗಿದರೆ ಸರಿ. ಹೆಚ್ಚು ತಗ್ಗಿದರೆ ಡೈನಮೊದ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ಹೊರಕ್ಕೆ ಸರಿಸಿ ಮತ್ತೆ ಬಿಗಿಮಾಡಿದರಾಯಿತು. ಅಂಚು ಸೀಳಿದ ಬೆಲ್ಟನ್ನು ಮಾತ್ರ ಬದಲಾಯಿಸಲೇಬೇಕು.

ಎಂಜಿನ್ನಿನ ಎಣ್ಣೆಯನ್ನು ವಾರಕ್ಕೊಮ್ಮೆ ನೋಡಬೇಕು. ಕಾರು ಸಮನೆಲದಲ್ಲಿರಬೇಕು, ಎಂಜಿನ್ನು ನಿಂತು ಸ್ವಲ್ಪ ಹೊತ್ತಾಗಿರಬೇಕು. ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ತೆಗೆದಾಗ ಎಣ್ಣೆ ಎರಡು ಗೆರೆಗಳ ನಡುವೆ ನಿಂತರೆ ಸಾಕು. ಮೇಲಿನ ಗೆರೆಯನ್ನು ಮೀರಿ ಸುರಿಯುವುದೂ ಕೆಟ್ಟದ್ದೇ. ಎಣ್ಣೆ ಕಪ್ಪಾಗಿದೆಯೆಂದು ಗಾಬರಿಪಡಬೇಕಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಮಾತ್ರ ಅದಕ್ಕೆ ನೀರು ಸೇರಿದೆಯೆಂದು ತಿಳಿದು, ಗಾಡಿಯನ್ನು ಓಡಿಸದೆ ಮೆಕ್ಯಾನಿಕನನ್ನು ಕರೆಸಬೇಕು.

ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು, ಬಾವಿಯ ನೀರಲ್ಲ. ತುದಿಗಳಲ್ಲಿ ಕಟ್ಟುವ ಬಿಳಿಹಸಿರು ಪುಡಿಯನ್ನು ಅಡುಗೆ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ವ್ಯಾಸಲಿನ್ ಸವರಿದರೆ ಎಷ್ಟೋ ಸಲ "ಬ್ಯಾಟರಿ ಸತ್ತಿತು" ಎಂಬ ದೂರು ಅಲ್ಲಿಗೇ ಮುಗಿಯುತ್ತದೆ. ಸೋಡದ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಹತ್ತಿರ ಬೆಂಕಿಕಡ್ಡಿ ಗೀರಬಾರದು, ಅದರಿಂದ ಹೊರಡುವ ಅನಿಲ ಹೊತ್ತಿಕೊಳ್ಳುವಂಥದು.

ನನಗೆ ಅತ್ಯಂತ ಹಿಡಿಸಿದ ಕೆಲಸ ಸ್ಪಾರ್ಕ್ ಪ್ಲಗ್ಗುಗಳದು. ಅವು ಎಂಜಿನ್ನಿನ ಒಳಗಿನ ಸುದ್ದಿಯನ್ನು ಹೊತ್ತು ತರುತ್ತವೆ. ತುದಿ ತಿಳಿಕಂದಾಗಿದ್ದರೆ ಎಲ್ಲ ಕ್ಷೇಮ. ಒಣಮಸಿ ಹಿಡಿದಿದ್ದರೆ ಗಾಳಿಗಿಂತ ಪೆಟ್ರೋಲು ಹೆಚ್ಚಾಗಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಎಂಜಿನ್ನು ಒಳಗೊಳಗೇ ಸವೆದಿದೆ. ಅಂತರವನ್ನು ಅಳತೆಯ ತಗಡಿನಿಂದ ಸುಮಾರು 0.6 ಮಿಲಿಮೀಟರಿಗೆ ತಂದಿಡಬೇಕು. ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳಿಗೆ ಸುಮಾರು 0.4 ಮಿಲಿಮೀಟರು. ಈ ಅಳತೆಗಳು 1489 ಸಿ.ಸಿ. ಪೆಟ್ರೋಲು ಎಂಜಿನ್ನಿನವು; ಬೇರೆ ಗಾಡಿಯವರು ತಮ್ಮ ಕೈಪಿಡಿಯನ್ನು ನೋಡಿಕೊಳ್ಳಬೇಕು.

ಹಿಂದಿನವರಿಗಿಲ್ಲದ ಒಂದು ತೊಡಕು ನಮಗಿದೆ. 2023ರಿಂದೀಚೆಗೆ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ದೇಶದಲ್ಲಿ ಹರಡಿದೆ. ಹಳೆಯ ರಬ್ಬರು ಇದಕ್ಕೆ ತಯಾರಾದುದಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ಪೆಟ್ರೋಲಿನ ಕೊಳವೆಗಳನ್ನು ತಿಂಗಳಿಗೊಮ್ಮೆ ಬಾಗಿಸಿ ನೋಡಿ, ಬಿರುಕಿದ್ದರೆ ಎಥೆನಾಲ್ ತಡೆಯುವ ಕೊಳವೆಯನ್ನು ಹಾಕಿಸಬೇಕು. ಬಾನೆಟ್ಟಿನಡಿ ಪೆಟ್ರೋಲಿನ ವಾಸನೆ ಬಂದರೆ ಕಾರನ್ನು ಚಾಲೂ ಮಾಡಲೇಬಾರದು.

ಬ್ರೇಕಿನ ವಿಷಯದಲ್ಲಿ ನಮ್ಮ ಕೆಲಸ ನೋಡುವುದಷ್ಟೆ, ಬಿಚ್ಚುವುದಲ್ಲ. ಮಾವನವರ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗ; ಎಲ್ಲಿ ಸೋರಿದರೂ ನಾಲ್ಕೂ ಹೋದಂತೆ. ದ್ರವ ಇಳಿದಿದ್ದರೆ ತುಂಬಿಸಿ ಸುಮ್ಮನಾಗದೆ, ಚಕ್ರಗಳ ಒಳಬದಿಯಲ್ಲಿ ಒದ್ದೆಯಿದೆಯೆ ಎಂದು ಹುಡುಕಬೇಕು. ಪೆಡಲು ಸ್ಪಂಜಿನಂತೆ ಮೆತ್ತಗಾದರೆ ಒಳಗೆ ಗಾಳಿ ಸೇರಿದೆಯೆಂದರ್ಥ. ಅಲ್ಲಿಂದ ಮುಂದೆ ಅದು ಮೆಕ್ಯಾನಿಕನ ಪಾಲು. ಹಾಗೆಯೇ, ಬರಿಯ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ತೂರಬಾರದು. ಜಾಕು ಜಾರುವುದಕ್ಕೆ ಮುನ್ಸೂಚನೆಯಿರುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಅದೇ ಘಾಟಿಯನ್ನು ಏರಿದೆವು. ಹೊರಡುವ ಮುನ್ನ ಮಾವ ತಾವೇ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಡಿಕ್ಕಿಯಲ್ಲಿ ಒಂದು ಕ್ಯಾನು ನೀರು, ಒಂದು ಹೊಸ ಬೆಲ್ಟು, ಎರಡು ಸ್ಪಾನರುಗಳನ್ನು ಇಟ್ಟುಕೊಂಡರು. ಯಾವುದೂ ಬೇಕಾಗಲಿಲ್ಲ. ಆ ನೀರನ್ನು ಆಗುಂಬೆಯಲ್ಲಿ ಕಾಫಿ ಕುಡಿದ ಮೇಲೆ ಗಾಜು ತೊಳೆಯುವುದಕ್ಕೆ ಉಪಯೋಗಿಸಿದೆವು.