ನಳಿಗೆಯ ಅಳತೆ, ಕೈಯ ಅಳತೆ

ಟೆಕ್ಸಾಸಿನಲ್ಲಿ ಪಿಸ್ತೂಲಿನ ಮಾತೆತ್ತಿದರೆ ಸಾಕು, ಕ್ಯಾಲಿಬರ್ ಜಗಳ ಶುರು. .45 ಇಟ್ಟುಕೊಂಡವರಿಗೆ 9 ಎಂಎಂ ಎಂದರೆ ತಾತ್ಸಾರ. 9 ಎಂಎಂನವರ ಕಣ್ಣಿಗೆ .45ರವರು ಹಳೇ ಕಾಲದವರು. ಪುಟ್ಟ .380ಯನ್ನು ಜೇಬಿಗಿಳಿಸಿಕೊಂಡವರು ಇಬ್ಬರ ಬಾಯಿಗೂ ಬೀಳುತ್ತಾರೆ. ಡಲ್ಲಾಸ್ ಹೊರವಲಯದಲ್ಲಿ ಪೆಟ್ರೋಲ್ ಬಂಕಿಗೆ ಹೊಂದಿಕೊಂಡ ಚಿಕ್ಕ ಅಂಗಡಿ ನಮ್ಮದು. ರಾತ್ರಿ ಬಾಗಿಲು ಹಾಕಿ, ದುಡ್ಡಿನ ಚೀಲ ಹಿಡಿದು ಕಾರಿನ ತನಕ ನಡೆಯುವ ಪಾಳಿ ಹೆಚ್ಚಾಗಿ ನನ್ನದೇ. ಪಿಸ್ತೂಲು ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ಈ ಜಗಳವನ್ನು ನಾನೂ ಸಾಕಷ್ಟು ಕೇಳಿದೆ, ಓದಿದೆ, ಹೊಡೆದೂ ನೋಡಿದೆ. ತಿಳಿದದ್ದಿಷ್ಟು: ಕ್ಯಾಲಿಬರ್ ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಕೈ, ಬಟ್ಟೆ, ಮನೆ ಈ ಮೂರನ್ನು ಕೇಳಬೇಕು.

ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಕೋವಿ ಇತ್ತು. ಬೆಳೆ ರಕ್ಷಣೆಯ ಲೈಸೆನ್ಸಿನದು. ಗದ್ದೆಗೆ ಹಂದಿ ನುಗ್ಗಿದರೆ ಅಪ್ಪಯ್ಯ ಗಾಳಿಯಲ್ಲೊಂದು ಈಡು ಹೊಡೆಯುತ್ತಿದ್ದರು. ಚುನಾವಣೆ ಬಂತೆಂದರೆ ಅದು ಠಾಣೆಗೆ ಹೋಗಿ ಕೂರುತ್ತಿತ್ತು. ಊರಿಗೆಲ್ಲ ಕಾಣುವಂತೆ ಹೆಗಲ ಮೇಲಿರುವ ಆಯುಧ ಅದು. ಬಟ್ಟೆಯೊಳಗೆ ಬಚ್ಚಿಡುವ ಪಿಸ್ತೂಲಿಗೆ ಅಲ್ಲಿನ ಪಾಠ ಯಾವುದೂ ಹೊಂದಲಿಲ್ಲ. ಭಾರತದಲ್ಲಾದರೆ ಕ್ಯಾಲಿಬರ್ ಆಯ್ಕೆಗೆ ಅವಕಾಶವೂ ಕಡಿಮೆ. 9 ಎಂಎಂ ನಿಷೇಧಿತ ಬೋರ್. ಲೈಸೆನ್ಸ್ ಸಿಕ್ಕ ನಾಗರಿಕರ ಕೈಗೆ ಬರುವುದು ಬಹುಪಾಲು .32. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ತಂದ 'ನಿರ್ಭೀಕ್' ರಿವಾಲ್ವರ್ ಕೂಡ .32ರದೇ. ತೂಕ ಅರ್ಧ ಕೆಜಿ, ಆಗಿನ ಬೆಲೆ ಲಕ್ಷ ರೂಪಾಯಿಗೂ ಮೇಲೆ. ಇಲ್ಲಿ ಬಂದೂಕಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಎಲ್ಲ ಅಳತೆಯವೂ ಸಾಲಾಗಿ ಕೂತಿರುತ್ತವೆ, ತಲೆ ಕೆಡುವುದು ಅಲ್ಲೇ.

ಅಳತೆ ಎಂದರೆ ಗುಂಡಿನ ದಪ್ಪ. .45 ಎಂದರೆ ಇಂಚಿನ ನೂರರಲ್ಲಿ ನಲವತ್ತೈದು ಪಾಲು, ಸುಮಾರು 11.4 ಮಿಲಿಮೀಟರ್. ಇಷ್ಟೆಲ್ಲ ವಾದ ನಡೆಯುವುದು 9ಕ್ಕೂ ಅದಕ್ಕೂ ಇರುವ ಎರಡೂವರೆ ಮಿಲಿಮೀಟರ್ ಅಂತರದ ಮೇಲೆ. .380 ಗುಂಡಿನ ದಪ್ಪವಂತೂ 9 ಎಂಎಂನಷ್ಟೇ. ತೋಟಾ ಗಿಡ್ಡ, ಮದ್ದು ಕಡಿಮೆ, ಹಾಗಾಗಿ ವೇಗ ಕಡಿಮೆ.

ಈ ಜಗಳಕ್ಕೆ ಕಾವು ಕೊಟ್ಟದ್ದು 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐ ಮತ್ತು ಇಬ್ಬರು ಬ್ಯಾಂಕ್ ದರೋಡೆಕೋರರ ನಡುವೆ ನಡೆದ ಗುಂಡಿನ ಕಾಳಗ. ಒಂದು 9 ಎಂಎಂ ಗುಂಡು ದರೋಡೆಕೋರನ ತೋಳನ್ನು ಹಾಯ್ದು ಎದೆಯೊಳಗೆ ಹೋಯಿತು, ಆದರೆ ಹೃದಯ ಮುಟ್ಟುವ ಮುನ್ನ ನಿಂತಿತು. ಅವನು ಬೀಳಲಿಲ್ಲ, ಹೊಡೆಯುತ್ತಲೇ ಹೋದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಎಫ್‌ಬಿಐ ದೊಡ್ಡ ತೋಟಾದ ಕಡೆ ಹೊರಳಿತು. ಮೊದಲು 10 ಎಂಎಂ ತಂದರು. ಅದರ ಒದೆತ ಅನೇಕರ ಕೈಗೆ ಒಗ್ಗಲಿಲ್ಲ. 1990ರಲ್ಲಿ ಅದನ್ನೇ ಗಿಡ್ಡ ಮಾಡಿದಂಥ .40 ಬಂತು. ದೇಶದ ಪೊಲೀಸರೆಲ್ಲ ಅದರ ಹಿಂದೆ ಬಿದ್ದರು. ಕೊನೆಗೆ 2010ರ ದಶಕದ ನಡುವಿನಲ್ಲಿ ಎಫ್‌ಬಿಐ ಪುನಃ 9 ಎಂಎಂಗೇ ಮರಳಿತು. ಅಷ್ಟರಲ್ಲಿ ಗುಂಡುಗಳು ಸುಧಾರಿಸಿದ್ದವು, ಒದೆತ ಕಡಿಮೆಯಿದ್ದರೆ ಹೆಚ್ಚಿನವರು ಬೇಗ ಮತ್ತು ನೇರವಾಗಿ ಹೊಡೆಯುತ್ತಾರೆ ಎಂಬುದೂ ಸ್ಪಷ್ಟವಾಗಿತ್ತು.

ಮಯಾಮಿಯ ನಂತರ ಎಫ್‌ಬಿಐ ರೂಪಿಸಿದ ಪರೀಕ್ಷೆಯೇ ಇಂದಿಗೂ ಅಳತೆಗೋಲು. ಶೇ. 10ರ ಜೆಲಟಿನ್ ಗಟ್ಟಿಗೆ ಗುಂಡು ಹೊಡೆಯುತ್ತಾರೆ, ಅದರ ಮುಂದೆ ದಪ್ಪ ಬಟ್ಟೆಯನ್ನೂ ಇಟ್ಟು ನೋಡುತ್ತಾರೆ. ಗುಂಡು ಕನಿಷ್ಠ 12 ಇಂಚು ಇಳಿಯಬೇಕು, 18 ಮೀರಬಾರದು. ಕಡಿಮೆಯಾದರೆ ಒಳಗಿನ ಅಂಗಕ್ಕೆ ಮುಟ್ಟದು. ಹೆಚ್ಚಾದರೆ ಆಚೆ ಹಾಯ್ದು ಇನ್ಯಾರಿಗೋ ತಗಲೀತು. ತುದಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡು ಒಳಹೊಕ್ಕೊಡನೆ ಅರಳಿ ವೇಗ ಕಳೆದುಕೊಳ್ಳುತ್ತದೆ. ಹೀಗೆ ಹಿಗ್ಗುವ ಗುಂಡಿಗೆ ಜಗತ್ತಿನಲ್ಲೆಲ್ಲ ಹೆಸರು ಕೊಟ್ಟದ್ದು ಕಲ್ಕತ್ತಾ ಬಳಿಯ ಡಂಡಂ ಮದ್ದುಗುಂಡಿನ ಕಾರ್ಖಾನೆ. 1899ರ ಹೇಗ್ ಘೋಷಣೆ ಅದನ್ನು ಯುದ್ಧದಲ್ಲಿ ನಿಷೇಧಿಸಿತು. ಆತ್ಮರಕ್ಷಣೆಗೆ ಮಾತ್ರ ಪಕ್ಕದಲ್ಲಿರುವವರ ಹಿತಕ್ಕಾಗಿ ಅದನ್ನೇ ಶಿಫಾರಸು ಮಾಡುತ್ತಾರೆ. .380 ಸಿಕ್ಕಿಬೀಳುವುದು ಇಲ್ಲೇ: ಅರಳಿದರೆ ಆಳಕ್ಕೆ ಇಳಿಯುವ ಶಕ್ತಿ ಸಾಲದೆ ಬರಬಹುದು, ಆಳಕ್ಕೆ ಇಳಿಯಿತೆಂದರೆ ಬಹಳ ಸಲ ಅರಳಿರುವುದಿಲ್ಲ. ಒಳ್ಳೆಯ 9 ಎಂಎಂ ತೋಟಾ ಎರಡನ್ನೂ ಮಾಡುತ್ತದೆ.

ಇದೆಲ್ಲ ಓದಿನ ಮಾತು. ಶೂಟಿಂಗ್ ರೇಂಜಿನಲ್ಲಿ ಗಂಟೆ ಲೆಕ್ಕಕ್ಕೆ ಪಿಸ್ತೂಲು ಬಾಡಿಗೆಗೆ ಸಿಗುತ್ತವೆ. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರ ಬಳಿ ಕಲಿಯುತ್ತ, ಕಾಗದದ ಗುರಿಯನ್ನು ಏಳು ಗಜದಲ್ಲಿ ನೇತುಹಾಕಿ ಒಂದೊಂದನ್ನೇ ಹೊಡೆದು ನೋಡಿದೆ. .38ರ ಹಗುರ ರಿವಾಲ್ವರ್ ಮೊದಲು. ಐದೇ ಗುಂಡು, ತೂಕ ಅರ್ಧ ಕೆಜಿಗೂ ಕಡಿಮೆ, ಜೇಬಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಟ್ರಿಗರ್ ಎಳೆಯಲು ಐದು ಕೆಜಿಯಷ್ಟು ಬಲ ಬೇಕು. ಬೆರಳು ಎಳೆಯುತ್ತಿದ್ದಂತೆ ಇಡೀ ಅಂಗೈ ಬಿಗಿದು ಮೂತಿ ಕೆಳಗೆ ವಾಲುತ್ತಿತ್ತು. ಗುಂಡು ಹಾರಿದಾಗ ಹಿಡಿಯು ಹೆಬ್ಬೆರಳ ಬುಡಕ್ಕೆ ಗುದ್ದುತ್ತಿತ್ತು. 'ಹೆಂಗಸರಿಗೆ ಚಿಕ್ಕ ರಿವಾಲ್ವರೇ ಸರಿ' ಎಂದು ಅಂಗಡಿಯವರು ಹೇಳುವುದುಂಟು. ಚಿಕ್ಕ ರಿವಾಲ್ವರ್ ಪಳಗಿದ ಕೈಗೆ ಎಂಬುದು ಆ ಐದು ತೂತುಗಳಲ್ಲೇ ಗೊತ್ತಾಗುತ್ತಿತ್ತು.

ಗುಂಡು ಚಿಕ್ಕದಾದರೆ ಒದೆತ ಕಡಿಮೆ ಎಂಬುದು ಅರ್ಧ ನಿಜ. ಪಿಸ್ತೂಲಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ಅಂಗೈಯಷ್ಟಗಲದ .380 ನನ್ನ ಕೈಯಲ್ಲಿ ಮೀನಿನ ಹಾಗೆ ಜಾರಿತು; ಅದಕ್ಕಿಂತ ತುಸು ದೊಡ್ಡ 9 ಎಂಎಂ ಶಾಂತವಾಗಿ ಕೂತಿತು. .45 ನಾನೆಣಿಸಿದಷ್ಟು ಒರಟಲ್ಲ, ಭಾರವಾದ ನಿಧಾನದ ತಳ್ಳು. ಆದರೆ ಹಿಡಿ ದಪ್ಪ, ಗುಂಡು ಏಳೋ ಎಂಟೋ. .40 ಮಾತ್ರ ಮಣಿಕಟ್ಟನ್ನು ಜಾಡಿಸುತ್ತಿತ್ತು. ಎರಡನೇ ಗುಂಡಿಗೆ ಕಣ್ಣು ಮರಳಿ ಗುರಿ ಹುಡುಕುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. 9 ಎಂಎಂನಲ್ಲಿ ತೂತುಗಳೆಲ್ಲ ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿದ್ದವು. ಹತ್ತು ಗುಂಡು ಹಿಡಿಸುವ ಸಣ್ಣ 9 ಎಂಎಂ ಆರಿಸಿಕೊಂಡೆ. ಅದರ ತೋಟಾ ಉಳಿದವಕ್ಕಿಂತ ಅಗ್ಗ, ಅಭ್ಯಾಸ ತಪ್ಪಿಸಲು ಆ ನೆಪವೂ ಇಲ್ಲ. ನಮ್ಮವರ ಅಕ್ಕನಿಗೆ ಬೆರಳಿನ ಸಂಧಿವಾತ. ತೋಟಾ ಏರಿಸಲು ಹಿಂದಕ್ಕೆ ಎಳೆಯಬೇಕಾದ ಮೇಲ್ಭಾಗವನ್ನು, ಅಂದರೆ ಸ್ಲೈಡನ್ನು, 9 ಎಂಎಂನಲ್ಲಿ ಅವರಿಗೆ ಎಳೆಯಲಾಗದು. ಸ್ಲೈಡ್ ಸಲೀಸಾಗಿ ಬರುವಂತೆ ಮಾಡಿದ, ಕೊಂಚ ದೊಡ್ಡ ಮೈಯ .380 ಅವರಿಗೆ ಸರಿಹೋಯಿತು. ಪುಸ್ತಕದ ಲೆಕ್ಕದಲ್ಲಿ ಅದು ಕಡಿಮೆ ದರ್ಜೆಯದು. ಅವರ ಕೈಯಲ್ಲಿ ಅದೇ ಮೇಲು.

ಬಟ್ಟೆಯ ಮಾತಿಗೆ ಬರೋಣ. ಮೊಣಕಾಲಿಗಿಳಿಯುವ ಕುರ್ತಾದೊಳಗೆ ಏನನ್ನಾದರೂ ಬಚ್ಚಿಡಬಹುದು, ಹೊರಗೆ ತೆಗೆಯಲು ಮಾತ್ರ ಮೊಳಗಟ್ಟಲೆ ಬಟ್ಟೆ ಮೇಲೆತ್ತಬೇಕು. ಲಾಡಿಯ ಸಲ್ವಾರಿಗೆ ಹೋಲ್ಸ್ಟರ್ ನಿಲ್ಲುವುದಿಲ್ಲ, ಗಟ್ಟಿ ಬೆಲ್ಟ್ ಬೇಕು. ವ್ಯಾನಿಟಿ ಬ್ಯಾಗಿನಲ್ಲಿಟ್ಟರೆ ಕಳ್ಳ ಮೊದಲು ಕೈ ಹಾಕುವುದೇ ಬ್ಯಾಗಿಗೆ. ಅಂಗಡಿಯ ಪಾಳಿಗೆ ಜೀನ್ಸ್, ಗಟ್ಟಿ ಬೆಲ್ಟ್, ಸಡಿಲ ಅಂಗಿ ಎಂದು ನಾನು ಗೊತ್ತುಮಾಡಿಕೊಂಡೆ. .45 ಕೊಂಡು, ಭಾರವೆಂದು ಮನೆಯಲ್ಲೇ ಬಿಟ್ಟು ಓಡಾಡುವವರನ್ನು ನೋಡಿದ್ದೇನೆ.

2021ರ ಸೆಪ್ಟೆಂಬರಿನಿಂದ ಟೆಕ್ಸಾಸಿನಲ್ಲಿ, ಕಾನೂನಿನ ಅಡ್ಡಿಯಿಲ್ಲದ 21 ದಾಟಿದವರಿಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ಲೈಸೆನ್ಸೇ ಬೇಕಿಲ್ಲ. ಆದರೂ ತರಗತಿ ಮುಗಿಸಿ ಲೈಸೆನ್ಸ್ ಪಡೆಯಿರಿ ಎಂದೇ ನನ್ನ ಸಲಹೆ. 3, 7, 15 ಗಜದಿಂದ 50 ಗುಂಡು ಹೊಡೆದು 250ಕ್ಕೆ 175 ಅಂಕ ಗಳಿಸಬೇಕು. ಅದಕ್ಕಿಂತ ಮುಖ್ಯವಾಗಿ ಯಾವಾಗ ಹೊಡೆಯಬಾರದು ಎಂಬುದನ್ನು ಅಲ್ಲಿ ಹೇಳಿಕೊಡುತ್ತಾರೆ. ಎಚ್-1ಬಿ ವೀಸಾದಲ್ಲಿರುವವರು ಮೊದಲು ವಕೀಲರನ್ನು ಕಾಣಬೇಕು. ಬೇಟೆ ಪರವಾನಗಿಯಂಥ ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ಅವರಿಗೆ ಬಂದೂಕನ್ನೇ ನಿಷೇಧಿಸುತ್ತದೆ.

ಇನ್ನು ಮನೆ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಅಲ್ಲಿ ಯಾವ ಕ್ಯಾಲಿಬರೂ ಚಿಕ್ಕದಲ್ಲ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ, ಯಾರದಾದರೂ ಮನಸ್ಸು ಕುಸಿದಿದ್ದರೆ, ಕುಡಿತವಿದ್ದರೆ, ಪಿಸ್ತೂಲು ಬೇಕೇ ಎಂಬಲ್ಲಿಗೇ ವಿಚಾರ ನಿಲ್ಲಬೇಕು. ಬೇಕೆಂದಾದರೆ ಬೀಗದ ಪೆಟ್ಟಿಗೆಯ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ. 17 ತುಂಬದ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಡುವುದು ಟೆಕ್ಸಾಸಿನಲ್ಲೂ ಅಪರಾಧವೇ.

ನಮ್ಮ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಕೇಳಿದವನಿಗೆ ಗಲ್ಲಾಪೆಟ್ಟಿಗೆ ಕೊಡುವುದೇ ನಿಯಮ, ದುಡಿಯುವ ಹುಡುಗರಿಗೂ ಅದನ್ನೇ ಹೇಳಿದ್ದೇವೆ. ಪಿಸ್ತೂಲು ಇರುವುದು ದುಡ್ಡು ಕೊಟ್ಟ ಮೇಲೂ ಬಿಡದವನಿಗೆ. ಹೊಸದಾಗಿ ಕೊಳ್ಳಹೊರಟವರು ನನ್ನನ್ನು 9 ಎಂಎಂ ಒಳ್ಳೆಯದೋ .45ಓ ಎಂದು ಕೇಳಿದರೆ, ಎರಡನ್ನೂ ಬಾಡಿಗೆಗೆ ಪಡೆದು ಹೊಡೆಯಿರಿ, ನಿಮ್ಮ ತೂತುಗಳು ಹತ್ತಿರ ಹತ್ತಿರ ಬಿದ್ದದ್ದನ್ನು ಕೊಳ್ಳಿ, ಉಳಿದ ದುಡ್ಡನ್ನು ಅಭ್ಯಾಸದ ತೋಟಾಕ್ಕೆ ಹಾಕಿ ಎನ್ನುತ್ತೇನೆ.